ಬರೀ ಗಾಳಿಗೆ ಇಷ್ಟೊಂದು ದುಡ್ಡಾ?

ಈ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಆಫೀಸಿನಲ್ಲಿ ರಿಲೀಸು, ಆಮೇಲೆ ಆ ರಿಲೀಸಿನ ಬಗ್ಗುಗಳು, ಆಮೇಲೆ ಬಗ್ಗು ಸರಿಮಾಡಲು ಹೋಗಿ ಹುಟ್ಟಿಕೊಂಡ ಹೊಸ ಬಗ್ಗುಗಳು... ಅದೇ ಹಳೇ ರಾಮಾಯಣ, ಮತ್ತೆ ಹೇಳಿ ನಿಮ್ಮ ತಲೆ ತಿನ್ನಲ್ಲ. ಇವತ್ತು ಬರೆಯೋಕೆ ಕೂತಿರೋದು ಸಿಟ್ಟಿನಿಂದ. ಮೊನ್ನೆ ಶನಿವಾರ ಇಲ್ಲೇ ಅಟ್ಲಾಂಟಾದಲ್ಲಿ ಗೆಳೆಯನ ಮನೆಯಲ್ಲಿ ಬಿಸಿಬೇಳೆಬಾತ್ ತಿಂತಾ ಕೂತಿದ್ದೆವು. ಮಾತು ನದಿ, ದೋಣಿ ಅಂತ ತಿರುಗಿತು. ನಾನು ಹೊಸದಾಗಿ ಕೊಂಡ ಚೀಲಗಳ ಬೆಲೆ ಹೇಳಿದೆ. ಅಷ್ಟೇ.

"ಮಗಾ, ಬರೀ ಗಾಳಿ ತುಂಬೋ ಚೀಲಕ್ಕೆ ಇನ್ನೂರು ಡಾಲರಾ? ತಲೆ ಕೆಟ್ಟಿದ್ಯಾ ನಿಂಗೆ? ನಂದು ಅರವತ್ತಕ್ಕೆ ಜೋಡಿ ಬಂತು. ನಾಲ್ಕೂವರೆ ಸ್ಟಾರು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದಮೇಲೆ ನಿದ್ದೆ ಬರಲಿಲ್ಲ. ಯಾಕಂದ್ರೆ ಹೀಗೆ ಹೇಳಿದ ಮಹಾಶಯ ಬರುವ ತಿಂಗಳು ನನ್ನ ಜೊತೆ ನದಿಗಿಳಿಯುವವನು, ಎರಡು ವರ್ಷದ ಹಿಂದೆ ನಾನು ಮಾಡಿದ ತಪ್ಪನ್ನೇ ಒಂದಕ್ಷರ ಬಿಡದೆ ಮಾಡಲು ಹೊರಟಿರುವವನು.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಕನೂ ಅಂದ್ರೆ ಮೇಲ್ಭಾಗ ಪೂರ್ತಿ ತೆರೆದಿರುವ, ಎರಡೂ ತುದಿ ಚೂಪಾಗಿರುವ ಉದ್ದನೆಯ ದೋಣಿ. ಕೆರೆಯಲ್ಲಿ ಪರವಾಗಿಲ್ಲ. ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ನೀರಿನಲ್ಲಿ ಒಂದು ಅಲೆ ಒಳಗೆ ಬಿದ್ದರೆ ಸಾಕು, ಅದು ದೋಣಿಯಾಗಿ ಉಳಿಯಲ್ಲ, ಬಾನಿ ಆಗುತ್ತೆ. ಅದಕ್ಕೇ ಹಿಂದೆ ಮುಂದೆ ಎರಡೂ ತುದಿಗಳಲ್ಲಿ ದೊಡ್ಡ ದೊಡ್ಡ ಗಾಳಿಚೀಲ ತುರುಕಿ, ನಡುವೆ ನಾವು ಮೊಣಕಾಲೂರಿ ಕೂತುಕೊಳ್ಳುವಷ್ಟು ಜಾಗ ಬಿಡ್ತಾರೆ. ಇದಕ್ಕೆ ಏರ್‌ಬ್ಯಾಗು ಅಂತಾರೆ. ಕಾರಿನಲ್ಲಿರುವುದಲ್ಲ. ಚಿಕ್ಕವರಿದ್ದಾಗ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಿಲ್ವಾ? ನೋಡೋಕೆ ಇದು ದೋಣಿಗೆ ಕಟ್ಟಿದ ಸೋರೆಬುರುಡೆ. ಆದರೆ ಕೆಲಸ ಅದಲ್ಲ, ಎಲ್ಲರೂ ಎಡವೋದು ಇಲ್ಲೇ.

ಎಲ್ಲರೂ ಅಂದುಕೊಂಡಿರೋದು ಏನಂದ್ರೆ ಚೀಲ ಇರುವುದು ದೋಣಿ ಮುಳುಗದಿರಲಿ ಅಂತ. ನನ್ನ ದೋಣಿ ರಾಯಲೆಕ್ಸ್ ಎಂಬ ಪ್ಲಾಸ್ಟಿಕ್ಕಿನದು, ಅದರ ನಡುವಿನ ಪದರವೇ ನೊರೆಪ್ಲಾಸ್ಟಿಕ್. ಚೀಲ ಇಲ್ಲದಿದ್ದರೂ ಅದು ತಳ ಸೇರಲ್ಲ, ನೀರು ತುಂಬಿಕೊಂಡು ಅರೆಮುಳುಗಿ ತೇಲುತ್ತೆ. ಅಪಾಯ ಇರೋದು ಆ ತುಂಬಿಕೊಂಡ ನೀರಿನಲ್ಲಿ. ಹದಿನೈದು ಅಡಿಯ ದೋಣಿಯೊಳಗೆ ಸುಮಾರು 600 ಲೀಟರ್ ಹಿಡಿಯುತ್ತೆ. 600 ಲೀಟರ್ ಅಂದ್ರೆ 600 ಕೆ.ಜಿ. ಹೆಚ್ಚುಕಡಿಮೆ ಒಂದು ಮಾರುತಿ 800 ಕಾರು, ಬ್ರೇಕಿಲ್ಲದೆ, ಸ್ಟೇರಿಂಗಿಲ್ಲದೆ ಹೊಳೆಯಲ್ಲಿ ಕೆಳಗಿಳಿದು ಬರುವುದನ್ನು ಕಲ್ಪಿಸಿಕೊಳ್ಳಿ. ಎರಡೂ ತುದಿಗೆ ಐದೈದು ಅಡಿಯ ಚೀಲ ಸರಿಯಾಗಿ ತುಂಬಿದ್ದರೆ ಒಳಬರೋ ನೀರು ತುಂಬಾ ಕಡಿಮೆಯಾಗುತ್ತೆ. ಚೀಲದ ಕೆಲಸ ಇಷ್ಟೇ: ನೀರು ಕೂರಬಹುದಾದ ಜಾಗದಲ್ಲಿ ತಾನು ಕೂತಿರುವುದು.

ಈಗ ಆ ನೀರು ತುಂಬಿದ ದೋಣಿ ಬಂಡೆಗೆ ಅಡ್ಡ ಸಿಕ್ಕಿಕೊಂಡಿತು ಅನ್ನಿ. ನಾಲ್ಕೂವರೆ ಮೀಟರ್ ಉದ್ದ, ಅರ್ಧ ಮೀಟರ್ ಎತ್ತರದ ಗೋಡೆಗೆ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದ ನೀರು ಬಡಿಯುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕ ಇಂಜಿನಿಯರಿಂಗ್ ಮುಗಿದ ದಿನವೇ ರದ್ದಿಗೆ ಹಾಕಿದ್ದೆ, ಆದರೂ ಲೆಕ್ಕ ನೆನಪಿದೆ. ಸುಮಾರು 700 ಕೆ.ಜಿ. ಭಾರದಷ್ಟು ಒತ್ತಡ ಬರುತ್ತೆ. ನೀರಿನ ವೇಗ ಇಮ್ಮಡಿಯಾದರೆ ಇದು ನಾಲ್ಕು ಪಟ್ಟು. ದೋಣಿ ಬಂಡೆಯ ಸುತ್ತ ಚಪಾತಿ ಮಡಚಿದಂತೆ ಮಡಚಿಕೊಳ್ಳುತ್ತೆ. ಮಧ್ಯೆ ಯಾರದಾದರೂ ಕಾಲಿದ್ದರೆ ಅದನ್ನು ನಾನು ಹೇಳಬೇಕಾಗಿಲ್ಲ.

ನಾನು ಹೇಳಲೇಬೇಕು, ಯಾಕಂದ್ರೆ ಕಾಲಿತ್ತು.

ಎರಡು ವರ್ಷದ ಹಿಂದಿನ ಜುಲೈ. ಜಾಗ ನಾರ್ತ್ ಕೆರೊಲಿನಾದ ನಾಂಟಹಾಲ ನದಿ. ಚೆರೋಕೀ ಜನರ ಮಾತಿನಿಂದ ಬಂದ ಹೆಸರು, ನಡುಹಗಲ ಸೂರ್ಯನ ನಾಡು ಅಂತ ಅರ್ಥ ಹೇಳ್ತಾರೆ. ಕಣಿವೆ ಅಷ್ಟು ಇಕ್ಕಟ್ಟು, ಸೂರ್ಯ ನೆತ್ತಿಗೆ ಬಂದಾಗಷ್ಟೇ ತಳಕ್ಕೆ ಬಿಸಿಲು. ಮೇಲಿನ ಜಲಾಶಯದಿಂದ ವಿದ್ಯುತ್ ಸ್ಥಾವರಕ್ಕೆ ಬಂದು ಹೊರಬೀಳುವ ನೀರು ಇದು, ಬೇಸಿಗೆಯಲ್ಲೂ ಹತ್ತು ಡಿಗ್ರಿ ಆಸುಪಾಸು, ಕೈ ಅದ್ದಿದರೆ ಮೂಳೆ ನೋಯುತ್ತೆ. ಸುಮಾರು ಹದಿಮೂರು ಕಿಲೋಮೀಟರ್ ಹರಿವು. ಶುರುವಿನಲ್ಲೇ ಪ್ಯಾಟನ್ಸ್ ರನ್ ಅಂತ ಒಂದು ತಿರುವು, ಕೊನೆಗೆ ನಾಂಟಹಾಲ ಫಾಲ್ಸ್. ಕಲಿಯುವವರ ನದಿ ಅಂತ ಹೆಸರು. ಕಲಿತೆ.

ಸೆಕೆಂಡ್ ಹ್ಯಾಂಡ್ ದೋಣಿಗೆ ಇಂಟರ್ನೆಟ್ಟಿನಲ್ಲಿ ಅಗ್ಗದ ವಿನೈಲ್ ಚೀಲ ತರಿಸಿದ್ದೆ. ನಾಲ್ಕು ಸ್ಟಾರು ಕಂಡಿದ್ದೇ ತಡ, ಕ್ಲಿಕ್. ಅಂಗಡಿಯ ಹೆಸರು ಹೇಳಲ್ಲ, ಅರ್ಧಕ್ಕಿಂತ ಹೆಚ್ಚು ತಪ್ಪು ನನ್ನದೇ. ನದಿ ಹತ್ತಿರ ಹೋಗಿ ಊದುತ್ತಾ ಕೂತರೆ ಟೈಮ್ ವೇಸ್ಟ್ ಅಂತ ಬೆಳಿಗ್ಗೆ ಐದೂವರೆಗೇ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಎರಡೂ ಚೀಲಕ್ಕೆ ಡಂಗುರದ ಹಾಗೆ ಬಿಗಿಯಾಗಿ ಗಾಳಿ ತುಂಬಿದೆ. ಮೇಲೆ ಅಡ್ಡಡ್ಡ ಎರಡು ಎಲಾಸ್ಟಿಕ್ ಹಗ್ಗ ಬಿಗಿದೆ. ದೋಣಿಯನ್ನು ಕಾರಿನ ಮೇಲೆ ಬೋರಲು ಹಾಕಿ ಹೊರಟೆವು. ದಾರೀಲಿ ಎರಡು ಕಡೆ ಕಾಫಿ, ಒಂದು ಕಡೆ ತಿಂಡಿ. ಬಿಸಿಲೇರಿತು.

ಇಲ್ಲಿ ಸ್ವಲ್ಪ ಪಿಯುಸಿ ಫಿಸಿಕ್ಸು, ಬೇಜಾರಾದವರು ಒಂದು ಪ್ಯಾರಾ ಹಾರಿಸಿ :-) ಬೆಳಿಗ್ಗೆ 20 ಡಿಗ್ರಿ, ಕಾರಿನ ಮೇಲೆ ಕಾದ ದೋಣಿಯೊಳಗೆ 50 ಡಿಗ್ರಿ ಅನ್ನೋಣ. ಕೆಲ್ವಿನ್ನಿನಲ್ಲಿ 293ರಿಂದ 323. ಹತ್ತೇ ಪರ್ಸೆಂಟು ಏರಿಕೆ, ಅದೇನು ಮಹಾ ಅನಿಸುತ್ತೆ. ಆದರೆ ಹತ್ತು ಪರ್ಸೆಂಟು ಯಾವುದರ ಮೇಲೆ? ಚೀಲದೊಳಗಿನ ಪೂರ್ತಿ ಒತ್ತಡದ ಮೇಲೆ, ಅಂದ್ರೆ ವಾತಾವರಣದ್ದೂ ಸೇರಿ ಸುಮಾರು 15 ಪಿಎಸ್‌ಐ ಮೇಲೆ. ಒಂದೂವರೆ ಪಿಎಸ್‌ಐ ಹೆಚ್ಚಾಯ್ತು. ಜೊತೆಗೆ ಅಟ್ಲಾಂಟಾಕ್ಕಿಂತ ಮುನ್ನೂರು ಮೀಟರ್ ಮೇಲೆ ಹೋಗಿದ್ದೇವೆ, ಹೊರಗಿನ ಒತ್ತಡ ಇನ್ನರ್ಧ ಪಿಎಸ್‌ಐ ಕಡಿಮೆ. ಒಟ್ಟು ಎರಡು. ನಾನು ತುಂಬಿದ್ದು ಎಷ್ಟು? ಬಾಯಲ್ಲಿ ಊದುವ ಲೆಕ್ಕಕ್ಕೆ ಒಂದು. ಚೀಲ ಉಬ್ಬಿಕೊಂಡು ಸ್ವಲ್ಪ ತಡೆದುಕೊಳ್ಳುತ್ತೆ ನಿಜ, ಆದರೂ ಬೆಸುಗೆಯ ಮೇಲೆ ಬಿದ್ದ ಭಾರ ಹತ್ತಿರ ಹತ್ತಿರ ಮೂರು ಪಟ್ಟು. ಮೊಸರನ್ನ ಬಾಕ್ಸಿನ ಮುಚ್ಚಳ ವಿಮಾನದಲ್ಲಿ ಉಬ್ಬೋದು ನೋಡಿದ್ದೀರಲ್ಲ, ಅದೇ ಕಥೆ.

ಚೀಲ ಅಲ್ಲಿ ಒಡೆಯಲಿಲ್ಲ. ಅದೇ ಅನ್ಯಾಯ. ಬೆಸುಗೆ ಒಳಗೊಳಗೇ ಸಡಿಲವಾಯ್ತು. ತಣ್ಣೀರಿಗಿಳಿದ ಹತ್ತು ನಿಮಿಷಕ್ಕೆ ಒಳಗಿನ ಗಾಳಿ ಕುಗ್ಗಿ ಚೀಲ ಜೋಲಾಯ್ತು, ಎಲಾಸ್ಟಿಕ್ ಹಗ್ಗದಡಿ ಅತ್ತಿತ್ತ ಜಾರತೊಡಗಿತು. ಪ್ಯಾಟನ್ಸ್ ರನ್‌ನಲ್ಲಿ ಅಲೆ ಒಳಗೆ ಬಿತ್ತು, ಒಳಗೆ ಬಿದ್ದ ನೀರು ಹಿಂದಿನ ಚೀಲವನ್ನು ಕೆಳಗಿನಿಂದ ಎತ್ತಿತು, ಬೆಸುಗೆ ಒಂದು ಗೇಣು ಬಿಟ್ಟುಕೊಂಡಿತು. ಪುಸ್ ಅನ್ನೋ ಸದ್ದು ಕೂಡ ಕೇಳಿಸಲಿಲ್ಲ, ನದಿ ಸದ್ದು ಅಷ್ಟಿತ್ತು. ನಾನು ಮಗುಚಿ ಈಜಿ ದಡ ಸೇರಿದೆ. ದೋಣಿ ಬಂಡೆಯೊಂದಕ್ಕೆ ಅಡ್ಡ ಕೂತಿತು. ಆಳವಿಲ್ಲದ ಕಡೆ ಇಳಿದಿದ್ದ ಗೆಳೆಯ ಸಹಾಯಕ್ಕೆ ಅಂತ ಹಗ್ಗ ಹಿಡಿದು ಎಳೆಯಲು ನಿಂತ. ನಿಂತಿದ್ದು ದೋಣಿಯ ಕೆಳಗಿನ ಪಕ್ಕ, ಬಂಡೆಯ ಬದಿಗೆ. ದೋಣಿ ಇದ್ದಕ್ಕಿದ್ದಂತೆ ತಿರುಗಿತು. ಅವನ ಮೊಣಕಾಲ ಕೆಳಗಿನ ಭಾಗ ಬಂಡೆಗೂ ದೋಣಿಗೂ ನಡುವೆ.

ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಹತ್ತು ಸೆಕೆಂಡಿರಬಹುದು. ಅವನು ಕೂಗಿದ್ದು ಕನ್ನಡದಲ್ಲಿ. "ಅಮ್ಮಾ" ಅಂತ. ಮುಂದಿನ ಚೀಲ ಉಳಿದಿತ್ತಲ್ಲ, ಆ ತುದಿ ಹಗುರಾಗಿ ಮೇಲೆದ್ದು ದೋಣಿ ತಾನಾಗಿ ಜಾರಿಕೊಂಡಿತು. ಅದೊಂದೇ ಕಾರಣಕ್ಕೆ ಅವನು ಇವತ್ತು ಎರಡು ಕಾಲಲ್ಲಿ ನಡೀತಿದ್ದಾನೆ. ಮೂಳೆ ಮುರಿದಿರಲಿಲ್ಲ, ಮೂರು ವಾರ ಕುಂಟುತ್ತಾ ಆಫೀಸಿಗೆ ಹೋದ. ಅವನಮ್ಮನಿಗೆ ಮೆಟ್ಟಿಲ ಮೇಲೆ ಜಾರಿದೆ ಅಂತ ಹೇಳಿದ್ದಾನೆ. (ಆಂಟಿ, ನೀವು ಇದನ್ನು ಓದುತ್ತಿದ್ದರೆ ದಯವಿಟ್ಟು ಕ್ಷಮಿಸಿ.)

ಆಮೇಲೆ ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವಂಥದ್ದೇ: "ಅತ್ಯಂತ ಗಟ್ಟಿ ಏರ್‌ಬ್ಯಾಗು ಯಾವುದು" ಅಂತ ಹುಡುಕಿದೆ. ಪಕ್ಕದ ಬೀದಿಯಲ್ಲಿ ಒಬ್ಬ ರಿಟೈರ್ ಆದ ಅಜ್ಜ ಇದ್ದಾರೆ, ಮೂವತ್ತು ವರ್ಷ ಹುಟ್ಟು ಹಾಕಿದವರು. ಅವರ ಗ್ಯಾರೇಜಿಗೆ ಪಟ್ಟಿ ಹಿಡಿದು ಹೋದೆ. ಅವರು ಪಟ್ಟಿ ನೋಡಲೇ ಇಲ್ಲ. ನಿನ್ನ ದೋಣಿ ತೋರಿಸು ಅಂದರು. ಎಲಾಸ್ಟಿಕ್ ಹಗ್ಗ ನೋಡಿ ನಕ್ಕರು. ಅವರ ದೋಣಿಯಲ್ಲಿದ್ದದ್ದೂ ವಿನೈಲ್ ಚೀಲವೇ, ಎಂಟು ವರ್ಷ ಹಳೆಯದು!

ನನ್ನ ಜಗಳ ಇಲ್ಲೇ ಇರೋದು. ಅರವತ್ತು ಡಾಲರಿನ ಗೆಳೆಯನ ಜೊತೆ ಮಾತ್ರ ಅಲ್ಲ, ದುಬಾರಿ ಚೀಲ ಕೊಂಡು ಎದೆಯುಬ್ಬಿಸಿ ಓಡಾಡುವವರ ಜೊತೆಯೂ. ಇಬ್ಬರೂ ಬಾಳಿಕೆ ಅನ್ನೋದು ಚೀಲದೊಳಗಿದೆ ಅಂದುಕೊಂಡಿದ್ದಾರೆ. ಸೈಕಲ್ ಟ್ಯೂಬಿಗೆ ಟೈರಿಲ್ಲದೆ ಗಾಳಿ ಹೊಡೆದು ನೋಡಿ. ಕುಂಬಳಕಾಯಿ ಆಗಿ ಒಡೆಯುತ್ತೆ. ಟೈರಿನೊಳಗೆ ಹಾಕಿ ಹೊಡೆಯಿರಿ, ಅದೇ ಟ್ಯೂಬು ವರ್ಷಗಟ್ಟಲೆ ಹೊರುತ್ತೆ. ಭಾರ ಹೊರುವುದು ಟೈರು, ಟ್ಯೂಬಿನ ಕೆಲಸ ಗಾಳಿ ಹಿಡಿಯುವುದಷ್ಟೇ. ಏರ್‌ಬ್ಯಾಗು ಟ್ಯೂಬು. ಟೈರು ಯಾವುದು ಅಂದ್ರೆ ದೋಣಿಯ ಗೋಡೆ ಮತ್ತು ಚೀಲದ ಮೇಲೆ ನೇಯ್ದ ಹಗ್ಗದ ಬಲೆ. ನಾವು ಟೈರೇ ಇಲ್ಲದ ಸೈಕಲ್ಲಿಗೆ ಯಾವ ಟ್ಯೂಬು ಗಟ್ಟಿ ಅಂತ ಸ್ಟಾರು ಎಣಿಸ್ತಿದ್ದೇವೆ.

ಹಾಗಾಗಿ ಚೀಲ ಆರಿಸುವಾಗ ಮೊದಲು ನೋಡಬೇಕಾದ್ದು ಸೈಜು. ಇರುವ ಜಾಗಕ್ಕಿಂತ ಚೀಲ ತುಸು ದೊಡ್ಡದಿರಬೇಕು, ತುಂಬಿದಾಗ ಅಲ್ಲಲ್ಲಿ ಸುಕ್ಕು ಉಳಿಯಬೇಕು. ಸುಕ್ಕು ಉಳಿದಿದೆ ಅಂದ್ರೆ ಆ ಬಟ್ಟೆ ಎಳೆತಕ್ಕೆ ಸಿಕ್ಕಿಲ್ಲ, ಒತ್ತಡವನ್ನು ದೋಣಿಯ ಗೋಡೆ ಹೊತ್ತಿದೆ. ಚಿಕ್ಕ ಚೀಲ ಕೊಂಡು ಜಾಗ ತುಂಬಲಿ ಅಂತ ಬಿಗಿಯಾಗಿ ಊದಿದರೆ ಅಷ್ಟೂ ಭಾರ ಬೆಸುಗೆಗೆ. ಅಗ್ಗ ಅಂತ ಒಂದು ಸೈಜು ಕಡಿಮೆ ಕೊಳ್ಳುವವರಿದ್ದಾರೆ, ಅವರ ಚೀಲ ಮೊದಲು ಒಡೆಯುತ್ತೆ. ಆಮೇಲೆ "ಕ್ವಾಲಿಟಿ ಸರಿಯಿಲ್ಲ" ಅಂತ ಬರೆಯೋರೂ ಅವರೇ.

ಇನ್ನು ಬಟ್ಟೆ. ವಿನೈಲ್ ಅಂದ್ರೆ ಬರೀ ಪ್ಲಾಸ್ಟಿಕ್ ಹಾಳೆ. ಇನ್ನೊಂದು ಜಾತಿ ನೈಲಾನ್ ಬಟ್ಟೆಗೆ ಯೂರಿಥೇನ್ ಲೇಪಿಸಿದ್ದು. ನಂದು ಈಗ ಇದೇ. ವ್ಯತ್ಯಾಸ ತಿಳಿಯೋಕೆ ಅಂಗಡಿಯ ಪ್ಲಾಸ್ಟಿಕ್ ಕವರನ್ನೂ ಗೋಣಿಚೀಲವನ್ನೂ ನೆನೆಸಿಕೊಳ್ಳಿ. ಕವರಿಗೆ ಒಂದು ಕಡೆ ಸೀಳು ಬಿದ್ದರೆ ಸರ್ರಂತ ಕೊನೆವರೆಗೂ ಹೋಗುತ್ತೆ. ಗೋಣಿಗೆ ಮೊಳೆ ಚುಚ್ಚಿದರೆ ನೂಲು ತಡೆದು ತೂತು ಅಲ್ಲೇ ನಿಲ್ಲುತ್ತೆ. ನೀರಿನ ಮಧ್ಯೆ ನಮಗೆ ಬೇಕಿರೋದು ಇದೇ ಗುಣ. ತೂತು ಬೀಳದ ಚೀಲ ಅಂತ ಜಗತ್ತಿನಲ್ಲಿ ಇಲ್ಲ. ನಿಧಾನಕ್ಕೆ ಸೋರಿದರೆ ದಡ ಮುಟ್ಟಬಹುದು, ಒಮ್ಮೆಗೇ ಹರಿದರೆ ಆಗಲ್ಲ. ಅದಕ್ಕೇ "ದಪ್ಪ ವಿನೈಲ್ ತಗೋ, ಗಟ್ಟಿ" ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ದಪ್ಪಗಿದ್ದಷ್ಟೂ ಅದು ತಣ್ಣೀರಿನಲ್ಲಿ ಸೆಟೆದುಕೊಳ್ಳುತ್ತೆ, ಮಡಿಕೆ ಬಿದ್ದಲ್ಲಿ ಬಿರಿಯುತ್ತೆ. ವಿನೈಲನ್ನು ಮೆತ್ತಗಿಡಲು ಸೇರಿಸಿದ ರಾಸಾಯನಿಕ ವರ್ಷಗಳು ಕಳೆದ ಹಾಗೆ ಹೊರಬಂದು ಹಾಳೆ ಇನ್ನೂ ಗಡುಸಾಗುತ್ತೆ. ಅಜ್ಜನ ಚೀಲ ಎಂಟು ವರ್ಷ ಬಾಳಿದ್ದು ಅವರ ಹಗ್ಗದ ಪುಣ್ಯದಿಂದ.

ನೈಲಾನ್ ಕೊಂಡವರು ಜಾಸ್ತಿ ಮೆರೆಯೋದೂ ಬೇಡ. ಯೂರಿಥೇನಿನಲ್ಲಿ ಕೆಲವು ಬಗೆ ಒದ್ದೆ ಮತ್ತು ಸೆಕೆ ಎರಡೂ ಸೇರಿದರೆ ಕೆಡುತ್ತವೆ, ಲೇಪ ಅಂಟಂಟಾಗಿ ಬಟ್ಟೆಯಿಂದ ಬಿಟ್ಟುಕೊಳ್ಳುತ್ತೆ. ನದಿಯಿಂದ ಬಂದು ಒದ್ದೆ ಚೀಲವನ್ನು ಮಡಚಿ ಕಾರಿನ ಡಿಕ್ಕಿಯಲ್ಲಿ ಒಂದು ವಾರ ಬಿಟ್ಟರೆ ನಿಮ್ಮ ಇನ್ನೂರು ಡಾಲರು ಅಲ್ಲೇ ಬೇಯುತ್ತೆ. ಒಣಗಿಸಬೇಕು, ಅದೂ ನೆರಳಲ್ಲಿ, ಬಿಸಿಲಿನಿಂದ ಎರಡು ಬಗೆಗೂ ಕೇಡು.

ಬೆಸುಗೆಗಳನ್ನು ಬೆರಳಲ್ಲಿ ಸವರಿ ನೋಡಿ. ಅಗಲವಾಗಿ, ಒಂದೇ ಸಮ ಇರಬೇಕು, ಮೂಲೆಗಳಲ್ಲಿ ಕಿರಿದಾಗಬಾರದು. ಊದುವ ಕೊಳವೆ ಚೀಲಕ್ಕೆ ಸೇರುವ ಜಾಗ ಇನ್ನೂ ಮುಖ್ಯ, ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಅಲ್ಲೇ. ಕೊಳವೆ ಉದ್ದ ಇರಲಿ, ಕೂತಲ್ಲಿಂದಲೇ ಬಾಯಿಗೆ ಸಿಗುವಂತಿರಲಿ. ತಣ್ಣೀರಿನಲ್ಲಿ ಹತ್ತು ನಿಮಿಷ ಬಿಟ್ಟು ಮತ್ತೆ ಒಂದಷ್ಟು ಊದಲೇಬೇಕು. ದಡಕ್ಕೆ ಬಂದ ಕೂಡಲೇ ಗಾಳಿ ಬಿಡಬೇಕು. ಇದಿಷ್ಟನ್ನೂ ಮಾಡಲು ಕೊಳವೆ ಕೈಗೆ ಸಿಗದ ಚೀಲ ಎಷ್ಟು ಗಟ್ಟಿಯಾಗಿದ್ದರೇನು ಬಂತು? ಹೊಸ ಚೀಲ ತಂದ ದಿನ ರಾತ್ರಿ ಹಾಲಿನಲ್ಲಿ ಊದಿಟ್ಟು ಬೆಳಿಗ್ಗೆ ನೋಡಿ. ಮೆತ್ತಗಾಗಿದ್ದರೆ ಸೋಪಿನ ನೀರು ಹಚ್ಚಿ, ಸೈಕಲ್ ಶಾಪಿನವನು ಟ್ಯೂಬನ್ನು ಬಕೆಟ್ಟಿನಲ್ಲಿ ಅದ್ದುವ ಹಾಗೆ, ಗುಳ್ಳೆ ಹುಡುಕಿ, ವಾಪಸ್ ಕಳಿಸಿ. ಸ್ಟಾರು ಕೊಟ್ಟವರಲ್ಲಿ ಎಷ್ಟು ಜನ ಇಷ್ಟಾದರೂ ಮಾಡಿರ್ತಾರೆ ಹೇಳಿ? ಡಬ್ಬ ಬಿಚ್ಚಿದ ದಿನವೇ "ಸೂಪರ್, ಬಣ್ಣ ಚೆನ್ನಾಗಿದೆ" ಅಂತ ಐದು ಸ್ಟಾರು! ಬಾಳಿಕೆಗೆ ಮೊದಲ ದಿನ ಮಾರ್ಕ್ಸ್ ಕೊಡೋದು ಅಂದ್ರೆ ಮದುವೆ ಮಂಟಪದಲ್ಲೇ ದಾಂಪತ್ಯಕ್ಕೆ ರೇಟಿಂಗ್ ಕೊಟ್ಟ ಹಾಗೆ.

ಮೊದಲೆಲ್ಲ ಲಾರಿ ಟ್ಯೂಬುಗಳನ್ನು ದೋಣಿಗೆ ತುರುಕುತ್ತಿದ್ದರಂತೆ. ತೂಕ ಜಾಸ್ತಿ, ಮೂಲೆ ತುಂಬಲ್ಲ, ಆದರೆ ಕಲ್ಲು ಚುಚ್ಚಿದರೂ ಜಗ್ಗಲ್ಲ. ಆ ಜನಕ್ಕೆ ಹಗ್ಗ ಕಟ್ಟುವುದು ಗೊತ್ತಿತ್ತು ಅನ್ನೋದು ಮುಖ್ಯ.

ಹಗ್ಗ. ಅಲ್ಲಿಗೇ ಬಂತು ನೋಡಿ. ದೋಣಿಯ ಅಂಚುಪಟ್ಟಿಯ ಕೆಳಗೆ ಉದ್ದಕ್ಕೂ ನಾಲ್ಕು ಬೆರಳಿಗೊಂದು ತೂತು ಕೊರೆದು, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಹಿಗ್ಗದ ಹಗ್ಗವನ್ನು ಮಂಚಕ್ಕೆ ನವಾರು ನೇಯ್ದ ಹಾಗೆ ಅತ್ತಿತ್ತ ನೇಯಬೇಕು. ಆಮೇಲೆ ನಟ್ಟನಡುವೆ ಉದ್ದಕ್ಕೆ ಒಂದು ಅಗಲದ ಪಟ್ಟಿ. ದೋಣಿಯ ತಳಕ್ಕೆ ಅಂಟಿಸಿದ ಬಳೆಯಿಂದ ಹೊರಟು ಚೀಲದ ಮುಖ ಬಳಸಿ ತುದಿಗೆ ಹೋಗಿ ಬಿಗಿಯುವಂಥದ್ದು. ಅದಿಲ್ಲದಿದ್ದರೆ ಚೀಲ ಅಡ್ಡಪಟ್ಟಿಯ ಕೆಳಗಿನಿಂದ ನಮ್ಮ ಕಡೆಗೇ ಹೊರಬರುತ್ತೆ. ನಂದಕ್ಕೆ ಒಟ್ಟು 80 ತೂತು, ಒಂದು ಶನಿವಾರ ಪೂರ್ತಿ. ಹಾಗೇ ಒಳಗೆಲ್ಲ ಕೈಯಾಡಿಸಿ ಚಾಚಿಕೊಂಡ ಬೋಲ್ಟು, ರಿವೆಟ್ಟಿನ ಚೂಪುಗಳನ್ನು ಅರದಿಂದ ಉಜ್ಜಿ ಟೇಪು ಸುತ್ತಿದೆ. ಪ್ರತಿ ಸಲವೂ ಚೀಲದಡಿ ಸೇರಿಕೊಂಡ ಮರಳು ತೊಳೆಯಬೇಕು, ಅದು ಉಪ್ಪುಕಾಗದದ ಕೆಲಸ ಮಾಡುತ್ತೆ. ಚೀಲಕ್ಕೆ ತೂತು ಬೀಳೋದು ಹೊರಗಿನ ಬಂಡೆಯಿಂದ ಅಂದುಕೊಂಡಿದ್ದೆ. ಅಲ್ಲ ಸ್ವಾಮೀ, ಮನೆಯೊಳಗಿನ ಮೊಳೆಯಿಂದ.

ಇಷ್ಟೆಲ್ಲ ನಾನು ಬಿಸಿಬೇಳೆಬಾತಿನ ಮುಂದೆ ಹೇಳಿದ್ದೆ. ಅದಕ್ಕೆ ಬಂದ ಉತ್ತರ: "80 ತೂತು ಕೊರೆದರೆ ರೀಸೇಲ್ ವ್ಯಾಲ್ಯೂ ಹೋಗುತ್ತಲ್ಲೋ!"

ನಾವು ಸಾಫ್ಟ್‌ವೇರ್ ಮಂದಿ ಎಲ್ಲವನ್ನೂ ಮಾರಲಿಕ್ಕೇ ಕೊಳ್ಳುತ್ತೇವಾ? ಮನೆ ಕೊಂಡರೂ ರೀಸೇಲ್, ಕಾರು ಕೊಂಡರೂ ರೀಸೇಲ್. ಹೋಗಲಿ, ದುಡ್ಡಿನ ಲೆಕ್ಕವನ್ನೇ ಮಾಡೋಣ. ಅವನದೂ ನನ್ನ ಹಾಗೆ ರಾಯಲೆಕ್ಸ್ ದೋಣಿ. ಆ ಹಾಳೆ ತಯಾರಿಸುತ್ತಿದ್ದ ಕಂಪನಿಯನ್ನು 2013ರಲ್ಲಿ ಇನ್ನೊಂದು ಕಂಪನಿ ಕೊಂಡಿತು, 2014ರಲ್ಲಿ ತಯಾರಿಕೆಯೇ ನಿಂತುಹೋಯ್ತು. ಹೆಚ್ಚು ಮಾರಾಟ ಇಲ್ಲ ಅಂತ ಬಾಗಿಲು ಹಾಕಿದರು. ಈಗ ಟಿ-ಫಾರ್ಮೆಕ್ಸ್ ಅನ್ನೋ ಬೇರೆ ಹಾಳೆ ಬಂದಿದೆ, ಚೆನ್ನಾಗಿಯೂ ಇದೆ. ಆದರೆ ರಾಯಲೆಕ್ಸ್ ಹಳತು ಇದ್ದಷ್ಟೇ. ಬಂಡೆಗೆ ಮಡಚಿಕೊಂಡ ದೋಣಿಯನ್ನು ಯಾವ ರೀಸೇಲಿಗೆ ಇಡ್ತೀಯಪ್ಪಾ? ನನ್ನ ದೋಣಿಯ ಹೊಟ್ಟೆಯಲ್ಲಿ ಆವತ್ತಿನ ಮಡಿಕೆಯ ಗೆರೆ ಇನ್ನೂ ಇದೆ. ಅದನ್ನು ನೋಡಿ ಹತ್ತು ಡಾಲರ್ ಕಮ್ಮಿ ಕೇಳುವವನಿಗೆ ನಾನು ಮಾರುವುದೂ ಇಲ್ಲ.

ಇನ್ನೊಬ್ಬ ಜಾಣ ಅಂದ, "ನೀನು ಹೇಗೂ ಲೈಫ್ ಜಾಕೆಟ್ ಹಾಕಿರ್ತೀಯ, ದೋಣಿ ಹೋದರೆ ಹೋಗಲಿ." ಲೈಫ್ ಜಾಕೆಟ್ ನನಗೆ. ಚೀಲ ಇರೋದು ನನ್ನ ಕೆಳಗಡೆ ನೀರಿನಲ್ಲಿ ಇರುವವನಿಗೆ. ಆ 600 ಕೆ.ಜಿ. ಯಾರ ಮೇಲೆ ಹೋಗುತ್ತೆ ಅನ್ನೋದು ನನ್ನ ಕೈಲಿರಲ್ಲ. ಪ್ರೊಡಕ್ಷನ್ ಸರ್ವರಿಗೆ ಬ್ಯಾಕಪ್ ಇಲ್ಲದೆ ಕೋಡ್ ಹಾಕಿದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂಗಾಡುವ ಇದೇ ಜನ, ನದಿಗೆ ಬಂದರೆ "ನೋಡ್ಕೊಳ್ಳೋಣ ಬಿಡು ಮಗಾ" ಅಂತಾರೆ.

ನಿಮ್ಮಲ್ಲಿ ಯಾರಾದರೂ ಈ ಹುಚ್ಚಿಗೆ ಬಿದ್ದಿದ್ದರೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ, ನನ್ನ ಮಾತು ಇಷ್ಟು: ಅಗ್ಗದ ವಿನೈಲ್ ಚೀಲವನ್ನೇ ಕೊಳ್ಳಿ, ಒಂದು ಸೈಜು ದೊಡ್ಡದು ಕೊಳ್ಳಿ, ಹಗ್ಗ ನೇಯಿರಿ, ನದಿ ಹತ್ತಿರವೇ ಊದಿ. ದುಡ್ಡಿದ್ದರೆ ನೈಲಾನ್ ಕೊಳ್ಳಿ, ಹಗ್ಗ ನೇಯಿರಿ. ಹಗ್ಗ ನೇಯುವ ಮನಸ್ಸಿಲ್ಲದವರು ಎರಡನ್ನೂ ಕೊಳ್ಳಬೇಡಿ, ಕೆರೆಯಲ್ಲಿ ಬಾತುಕೋಳಿ ನೋಡಿಕೊಂಡಿರಿ, ಅದೂ ಚಂದವೇ. ತೇಪೆ ಹಾಕುವಾಗ ವಿನೈಲಿಗೆ ವಿನೈಲ್ ಅಂಟು, ಯೂರಿಥೇನಿಗೆ ಯೂರಿಥೇನ್ ಅಂಟು. ಅದಲು ಬದಲು ಮಾಡಿದರೆ ಮಧ್ಯಾಹ್ನದೊಳಗೆ ಕಿತ್ತು ಬರುತ್ತೆ (ಅನುಭವ). ಮತ್ತೆ ನೀರು ತುಂಬಿದ ದೋಣಿಯ ಕೆಳಗಿನ ಪಕ್ಕ ಯಾವತ್ತೂ, ಯಾವ ಕಾರಣಕ್ಕೂ ನಿಲ್ಲಬೇಡಿ. ದೋಣಿ ಹಿಡಿಯಬೇಕಿದ್ದರೆ ಮೇಲಿನ ಪಕ್ಕದಿಂದ, ಇಲ್ಲಾಂದ್ರೆ ದಡದಿಂದ ಹಗ್ಗ ಎಸೆದು.

ಅರವತ್ತು ಡಾಲರಿನ ಗೆಳೆಯನಿಗೆ ನಿನ್ನೆ ಫೋನ್ ಮಾಡಿದ್ದೆ. ಶನಿವಾರ ಡ್ರಿಲ್ಲು ತಗೊಂಡು ಬರ್ತೀನಿ, ನೀನು ದೋಣಿ ಹೊರಗೆ ಹಾಕಿರು ಅಂದೆ. "ನೋಡೋಣ" ಅಂದ. ನೋಡೋದೇನಿಲ್ಲ, ಹಗ್ಗ ಕಟ್ಟದಿದ್ದರೆ ನನ್ನ ಜೊತೆ ನಾಂಟಹಾಲಕ್ಕೆ ಬರಬೇಡ ಅಂತ ಹೇಳಿ ಫೋನಿಟ್ಟೆ. ಇನ್ನೂ ಸಿಟ್ಟಲ್ಲಿದ್ದಾನೆ. ಅಂದ್ಹಾಗೆ ಕಾಲು ಸಿಕ್ಕಿಸಿಕೊಂಡ ಗೆಳೆಯನೂ ಶನಿವಾರ ಬರ್ತಿದ್ದಾನೆ, ತೂತುಗಳ ಅಳತೆ ಗುರುತು ಹಾಕೋದು ಅವನ ಕೆಲಸವಂತೆ.